ಮಾತ್ರೆ ತೆಗೆದುಕೊಂಡಾಗ ಎದೆಹಾಲು ನಿಲ್ಲಿಸಬೇಕೇ?

ಹೆರಿಗೆಯಾಗಿ ತಿಂಗಳಾಗಿಲ್ಲ. ಒಂದು ಎದೆ ಕೆಂಪಾಗಿ ಗಟ್ಟಿಯಾಗಿದೆ, ಚಳಿಜ್ವರ ಬಂದಿದೆ. ಡಾಕ್ಟರು ಆಂಟಿಬಯೋಟಿಕ್, ಅಂದರೆ ಸೋಂಕಿನ ಮಾತ್ರೆ ಬರೆದು, ‘ಹಾಲು ಕೊಡ್ತಾ ಇರಿ’ ಎನ್ನುತ್ತಾರೆ. ಮೆಡಿಕಲ್ ಶಾಪಿನವರು, ‘ಕೋರ್ಸ್ ಮುಗಿಯೋವರೆಗೆ ಕೊಡಬೇಡಿ’ ಎನ್ನುತ್ತಾರೆ. ಅತ್ತೆಯವರಿಗೆ ಮಾತ್ರೆಯೇ ಬೇಡ. ಬಾಣಂತಿ ಯಾರ ಮಾತು ಕೇಳಬೇಕು?

ಈ ಉದಾಹರಣೆಯಲ್ಲಿ ಡಾಕ್ಟರ ಮಾತೇ ಸರಿ. ಎದೆಯ ಸೋಂಕಿಗೆ ಕೊಡುವ ಅಮಾಕ್ಸಿಸಿಲಿನ್, ಸೆಫಲೆಕ್ಸಿನ್‌ನಂಥ ಮಾತ್ರೆಗಳು ಹಾಲಿಗೆ ಬರುವುದು ಅತ್ಯಲ್ಪ. ಕೆಲವು ಮಕ್ಕಳಿಗೆ ಸ್ವಲ್ಪ ಭೇದಿಯಾಗಬಹುದು. ಹಾಲು ಕೊಡುವುದನ್ನು ಥಟ್ಟನೆ ನಿಲ್ಲಿಸಿದರೆ ಮಾತ್ರ ಹಾಲು ಕಟ್ಟಿಕೊಂಡು ನೋವು ಹೆಚ್ಚುತ್ತದೆ, ಕೀವುಗಟ್ಟುವ ಅಪಾಯವೂ ಇದೆ.

ಹಾಗಾದರೆ ಸಲಹೆಗಳು ಏಕೆ ಹೀಗೆ ಹೊಡೆದಾಡುತ್ತವೆ? ಹೊಸ ಔಷಧದ ಪರೀಕ್ಷೆಗಳಲ್ಲಿ ಹಾಲೂಡಿಸುವ ತಾಯಂದಿರನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ಮಾಹಿತಿ ಇಲ್ಲದ ಕಂಪನಿ ತನ್ನ ಚೀಟಿಯಲ್ಲಿ ‘ಹಾಲೂಡಿಸುವವರು ಬಳಸಬಾರದು’ ಎಂದು ಅಚ್ಚುಹಾಕಿ ಕೈತೊಳೆದುಕೊಳ್ಳುತ್ತದೆ. ಆ ಸಾಲು ಅಪಾಯಕ್ಕೆ ಪುರಾವೆ ಅಲ್ಲ. ಇನ್ನು ಎಷ್ಟೋ ಜನ ಬಸುರಿಗೆ ಬೇಡವಾದ ಔಷಧ ಬಾಣಂತಿಗೂ ಬೇಡ ಎಂದುಕೊಳ್ಳುತ್ತಾರೆ. ಇವೆರಡೂ ಬೇರೆ. ಗರ್ಭದಲ್ಲಿರುವ ಮಗುವಿಗೆ ತಾಯಿಯ ರಕ್ತದಿಂದ ಔಷಧ ಹೋಗುವಷ್ಟು ಹಾಲಿನ ಮೂಲಕ ಹೋಗುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ಗರ್ಭಕ್ಕೆ ಹಾನಿಕರ, ಆದರೆ ಹಾಲೂಡಿಸುವಾಗ ಕೊಡಬಹುದು.

ನುಂಗಿದ ಮಾತ್ರೆ ಮೊದಲು ನಿಮ್ಮ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಒಂದಿಷ್ಟು ಹಾಲಿಗೆ ಇಳಿಯುತ್ತದೆ. ಇನ್ಸುಲಿನ್‌ನಂಥ ದೊಡ್ಡ ಅಣುಗಳು ಹೆಚ್ಚು ಇಳಿಯಲಾರವು, ಇಳಿದದ್ದೂ ಮಗುವಿನ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ತಜ್ಞರು ‘ರಿಲೇಟಿವ್ ಇನ್ಫೆಂಟ್ ಡೋಸ್’ ಎಂಬ ಅಳತೆ ಬಳಸುತ್ತಾರೆ. ತಾಯಿ ತನ್ನ ತೂಕದ ಕಿಲೋಗೆ ತೆಗೆದುಕೊಂಡ ಔಷಧದಲ್ಲಿ ಶೇಕಡಾ ಎಷ್ಟು ಭಾಗ ಮಗುವಿನ ತೂಕದ ಕಿಲೋಗೆ ಸಿಗುತ್ತದೆ ಎಂಬ ಲೆಕ್ಕ ಇದು. ಶೇ. 10ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪರವಾಗಿಲ್ಲ. ಮೈಕೈ ನೋವಿನ ಐಬುಪ್ರೊಫೆನ್‌ನದು ಶೇ. 1 ಕೂಡ ಇಲ್ಲ.

ಔಷಧ ಇಳಿದ ದಾರಿಯಲ್ಲೇ ಹಿಂದಕ್ಕೂ ಹೋಗುತ್ತದೆ. ರಕ್ತದಲ್ಲಿ ಅದು ಕಡಿಮೆಯಾದಂತೆ ಹಾಲಿನಲ್ಲೂ ಕಡಿಮೆಯಾಗುತ್ತದೆ. ಆದ್ದರಿಂದ ಹಾಲು ಹಿಂಡಿ ಚೆಲ್ಲಿದರೆ ಔಷಧ ಬೇಗ ಹೋಗುತ್ತದೆ ಎಂಬುದು ತಪ್ಪು.

ಪ್ಯಾರಸಿಟಮಾಲ್, ಥೈರಾಯ್ಡ್ ಮಾತ್ರೆ, ಖಿನ್ನತೆಗೆ ಕೊಡುವ ಸರ್ಟ್ರಲೀನ್ ಇವುಗಳಿಗೆ ಹಾಲು ನಿಲ್ಲಿಸಬೇಕಿಲ್ಲ. ಕ್ಷಯದ ಮಾತ್ರೆ ನುಂಗುವ ತಾಯಂದಿರೂ ಡಾಕ್ಟರ ನಿಗಾದಲ್ಲಿ ಹಾಲು ಕೊಡಬಹುದು. ನಿಜವಾಗಿ ಹಾಲು ನಿಲ್ಲಿಸಬೇಕಾದ ಔಷಧಗಳೂ ಇವೆ: ಕ್ಯಾನ್ಸರ್‌ನ ಕೀಮೋಥೆರಪಿ, ಥೈರಾಯ್ಡ್‌ಗೆ ಕೊಡುವ ವಿಕಿರಣಶೀಲ ಅಯೋಡಿನ್. ಲಿಥಿಯಂ, ಅಮಿಯೋಡರೋನ್ ತೆಗೆದುಕೊಳ್ಳುವವರು ತಜ್ಞರನ್ನು ಕೇಳದೆ ಹಾಲೂಡಿಸಬಾರದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಹಾಲನ್ನೇ ಕಡಿಮೆ ಮಾಡಬಹುದು. ಅದರ ಬದಲು ಹಾರ್ಮೋನ್ ಇಲ್ಲದ ‘ಛಾಯಾ’ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ.

ತಜ್ಞರಲ್ಲೇ ಒಮ್ಮತವಿಲ್ಲದ ಜಾಗವೂ ಉಂಟು. ಕೆಲವರ ದೇಹ ನೋವು, ಕೆಮ್ಮಿನ ಔಷಧಗಳಲ್ಲಿರುವ ಕೋಡೀನ್ ಅನ್ನು ಬಹಳ ಬೇಗ ಮಾರ್ಫಿನ್ ಆಗಿ ಬದಲಿಸುತ್ತದೆ. ಅದು ಹಾಲಿಗೆ ಬಂದರೆ ಮಗುವಿನ ಉಸಿರಾಟ ಕುಗ್ಗಬಹುದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಲೂಡಿಸುವವರಿಗೆ ಕೋಡೀನ್ ಮತ್ತು ಟ್ರಮಡಾಲ್ ಎರಡೂ ಬೇಡ ಎಂದಿತು. ಟ್ರಮಡಾಲ್ ಹಾಲಿಗೆ ಬರುವುದು ಕಡಿಮೆ ಎನ್ನುವ ತಜ್ಞರೂ ಇದ್ದಾರೆ. ಸಿಸೇರಿಯನ್ ನೋವಿಗೆ ಟ್ರಮಡಾಲ್ ಬರೆದರೆ, ಬೇರೆ ಮಾತ್ರೆ ಸಾಕಾಗುತ್ತದೆಯೇ ಎಂದು ಕೇಳಿ. ಕೆಮ್ಮಿನ ಸಿರಪ್ ಕೊಳ್ಳುವಾಗ ಅದರಲ್ಲಿ ಕೋಡೀನ್ ಇದೆಯೇ ಎಂದು ನೋಡಿ. ಎರಡು ತಿಂಗಳೊಳಗಿನ ಮತ್ತು ದಿನ ತುಂಬದೆ ಹುಟ್ಟಿದ ಮಗುವಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಅಂಥ ಮಕ್ಕಳ ಲಿವರ್, ಕಿಡ್ನಿ ಔಷಧವನ್ನು ನಿಧಾನವಾಗಿ ಹೊರಹಾಕುತ್ತವೆ.

ಖಚಿತ ಮಾಹಿತಿಗೆ ದುಡ್ಡು ಕೊಡಬೇಕಿಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ಲ್ಯಾಕ್ಟ್‌ಮೆಡ್’ ಇಂಟರ್ನೆಟ್‌ನಲ್ಲಿ ಉಚಿತ. ಬ್ರ್ಯಾಂಡ್ ಹೆಸರಿನ ಬದಲು ಮಾತ್ರೆ ಪಟ್ಟಿಯ ಮೇಲಿನ ಮೂಲ ಔಷಧದ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ ಹುಡುಕಿ, ಸಿಕ್ಕಿದ್ದನ್ನು ಡಾಕ್ಟರಿಗೆ ತೋರಿಸಿ. ಪ್ರಶ್ನೆಯನ್ನೂ ಬದಲಿಸಿ ಕೇಳಿ: ‘ಹಾಲು ನಿಲ್ಲಿಸಲಾ?’ ಎನ್ನಬೇಡಿ, ‘ಈ ಔಷಧ ಹಾಲಿಗೆ ಎಷ್ಟು ಬರುತ್ತದೆ? ಹೆಚ್ಚು ಬರುವುದಾದರೆ ಬದಲಿ ಏನಿದೆ?’ ಎನ್ನಿ. ಮಗುವಿನ ವಯಸ್ಸು, ತೂಕ ಮೊದಲೇ ಹೇಳಿ. ಬಾಣಂತನದ ಖಿನ್ನತೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ. ಯಾವುದೇ ಔಷಧದ ಅಡ್ಡಪರಿಣಾಮ ಕಂಡರೆ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು.

ಫಿಟ್ಸ್, ಬಿಪಿ, ಖಿನ್ನತೆಯ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಹಾಲು ಚೀಪದಿದ್ದರೆ, ಉಸಿರಾಟ ನಿಧಾನವಾದಂತೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಹೋಗುವಾಗ ಮಾತ್ರೆಯ ಪಟ್ಟಿ ಕೈಯಲ್ಲಿರಲಿ.