ಕೊಲಂಬಸನ ಹಬ್ಬವು ಹುಟ್ಟಿದ ಬಗೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿವರ್ಷವೂ ಅಕ್ಟೋಬರ್ ತಿಂಗಳಿನ ಎರಡನೆಯ ಸೋಮವಾರ 'ಕೊಲಂಬಸ್ ದಿನ'ವೆಂಬ ಸರಕಾರೀ ರಜವುಂಟು. ಇಂಡಿಯಾ ದೇಶದ ಕಡೆಗೆ ಜಲಮಾರ್ಗವನ್ನು ಅರಸುತ್ತ ಪಶ್ಚಿಮಾಭಿಮುಖನಾಗಿ ಹೊರಟ ಕ್ರಿಸ್ಟೊಫರ್ ಕೊಲಂಬಸನು 1492ನೆಯ ಇಸವಿ ಅಕ್ಟೋಬರ್ 12ರಂದು ಬಹಾಮಾ ದ್ವೀಪಗಳಲ್ಲೊಂದಾದ ಗುವಾನಹಾನಿಯನ್ನು ಮುಟ್ಟಿದುದೇ ಇದಕ್ಕೆ ನಿಮಿತ್ತವೆಂಬುದನ್ನು ನಮ್ಮ ವಾಚಕರಲ್ಲಿ ಬಹುಮಂದಿ ಬಲ್ಲರು. ಆದರೆ ಆ ಸಂಸ್ಥಾನಗಳ ಪೈಕಿ ಒಂದರ ನೆಲವನ್ನಾದರೂ ಆತನು ಮೆಟ್ಟಿದವನಲ್ಲ. ಹೀಗಿರಲು ಆತನ ಹಬ್ಬವು ಅಲ್ಲಿ ಬೇರೂರಿದ ಬಗೆಯನ್ನು ವಿಚಾರಮಾಡತಕ್ಕದ್ದಾಗಿದೆ.

1792ರಲ್ಲಿ ನ್ಯೂಯಾರ್ಕ್ ನಗರದ ಟಾಮನಿ ಸಂಘದವರು ಮುನ್ನೂರನೆಯ ವರ್ಷದ ಉತ್ಸವವನ್ನು ನಡೆಯಿಸಿದರು. ಆದರೆ ಈ ಹಬ್ಬಕ್ಕೆ ಬಲವನ್ನು ತಂದವರು ಜೀವನೋಪಾಯಕ್ಕಾಗಿ ಇಟಲಿಯಿಂದ ಬಂದು ನೆಲಸಿದ ಬಡಜನರು. ಭಾಷೆ ಬೇರೆ, ಮತಪಂಥ ಬೇರೆಯೆಂದು ಊರವರ ತಾತ್ಸಾರಕ್ಕೆ ಗುರಿಯಾಗಿದ್ದ ಇವರಿಗೆ ಜಿನೋವಾ ನಗರದಲ್ಲಿ ಹುಟ್ಟಿದ ಕೊಲಂಬಸನ ಹೆಸರೇ ಮಾನದ ಆಸರೆಯಾಯಿತು. 1866ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಅವನ ದಿನವನ್ನು ಆಚರಿಸಿದರು.

ಆ ತಾತ್ಸಾರವು ಎಷ್ಟು ಕ್ರೂರವಾಗಿತ್ತೆಂಬುದಕ್ಕೆ ನ್ಯೂ ಆರ್ಲಿಯನ್ಸ್ ನಗರದ ಸಂಗತಿಯೊಂದೇ ಸಾಕು. ಅಲ್ಲಿಯ ಪೊಲೀಸು ಮುಖ್ಯಾಧಿಕಾರಿಯ ಕೊಲೆಗಾಗಿ ವಿಚಾರಣೆಗೊಳಗಾದ ಇಟಲಿಯವರಲ್ಲಿ ಒಬ್ಬನನ್ನೂ ನ್ಯಾಯಸ್ಥಾನವು ಅಪರಾಧಿಯೆನ್ನಲಿಲ್ಲ. ಮರುದಿನ, 1891ನೆಯ ಇಸವಿ ಮಾರ್ಚ್ 14ರಂದು, ಜನರ ಗುಂಪು ಸೆರೆಮನೆಗೆ ನುಗ್ಗಿ ಹನ್ನೊಂದು ಮಂದಿಯನ್ನು ಕೊಂದುಹಾಕಿತು. ಇಟಲಿಯು ತನ್ನ ರಾಯಭಾರಿಯನ್ನು ಹಿಂದಕ್ಕೆ ಕರೆಯಿಸಿಕೊಂಡಿತು. ಮುಂದೆ ಅಮೆರಿಕಾ ಸರಕಾರವು ಪರಿಹಾರದ್ರವ್ಯವನ್ನು ತೆರಬೇಕಾಯಿತು.

ಮರುವರ್ಷವೇ ನಾನೂರನೆಯ ವರ್ಷದ ಸಂದರ್ಭವು ಒದಗಿತು. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನನು 1892ನೆಯ ಅಕ್ಟೋಬರ್ 21ನ್ನು ಉತ್ಸವದ ದಿನವೆಂದು ಸಾರಿದನು. 1582ರಲ್ಲಿ ತಿದ್ದಲ್ಪಟ್ಟ ಕಾಲಗಣನೆಯನ್ನು ಹಿಂದಕ್ಕೆ ಎಣಿಸಿದರೆ ಕೊಲಂಬಸನ ಕಾಲಕ್ಕೆ 9 ದಿನಗಳ ಅಂತರ ಬೀಳುವುದರಿಂದ ಆ ಹಳೆಯ 12ನೆಯ ತಾರೀಖು ಹೊಸ 21 ಆಗುವುದು. ಅಲ್ಲಿಯ ಮಕ್ಕಳು ಶಾಲೆಗಳಲ್ಲಿ ಹೇಳುವ ಧ್ವಜಪ್ರತಿಜ್ಞೆಯು ಮೊದಲು ರಚಿತವಾದುದು ಈ ಉತ್ಸವಕ್ಕಾಗಿಯೇ. ತರುವಾಯ 1907ರಲ್ಲಿ ಕೊಲರಾಡೋ ಸಂಸ್ಥಾನವು ರಜದ ಕಾನೂನನ್ನು ಮಾಡಿತು. 1934ರಲ್ಲಿ ದೇಶದ ಶಾಸನಸಭೆಯು ಈ ದಿನವನ್ನು ವರ್ಷವರ್ಷವೂ ಘೋಷಿಸಬೇಕೆಂದು ಅಧ್ಯಕ್ಷನನ್ನು ಕೋರಿತು. 1968ರ ಕಾನೂನಿನಂತೆ 1971ರಿಂದ ಅದು ಸೋಮವಾರಕ್ಕೆ ನಿಂತಿತು.

ಆದರೆ ಈ ಕಥೆಗೆ ಇನ್ನೊಂದು ಮುಖವುಂಟು. ಆ ದ್ವೀಪಗಳ ಮೂಲನಿವಾಸಿಗಳಾದ ತಾಯಿನೋ ಜನರಿಗೆ ಕೊಲಂಬಸನು ತನ್ನ ಭ್ರಾಂತಿಯಿಂದ ನಮ್ಮ ದೇಶದ ಹೆಸರನ್ನಿಟ್ಟು 'ಇಂಡಿಯನ'ರೆಂದನು. 1495ರಲ್ಲಿ ಅವರಲ್ಲಿ ಸುಮಾರು 500 ಮಂದಿಯನ್ನು ಗುಲಾಮರನ್ನಾಗಿ ಹಡಗಿನಲ್ಲಿ ಸ್ಪೇನಿಗೆ ಸಾಗಿಸಿದನು. ಬಲಾತ್ಕಾರದ ದುಡಿಮೆಯಿಂದಲೂ ಹೊಸ ರೋಗಗಳಿಂದಲೂ ಕೆಲವೇ ದಶಕಗಳಲ್ಲಿ ಆ ಜನಾಂಗವು ಕ್ಷೀಣಿಸಿತು. ಆದುದರಿಂದಲೇ 1992ರಲ್ಲಿ ಬರ್ಕ್ಲೀ ನಗರವು ಇದನ್ನು ಮೂಲನಿವಾಸಿಗಳ ದಿನವಾಗಿ ಆಚರಿಸಿತು. ಬೇರೆ ಹಲವು ಊರುಗಳೂ ಆ ದಾರಿಯನ್ನೇ ಹಿಡಿದವು. 2021ರಲ್ಲಿ ಅಧ್ಯಕ್ಷ ಬೈಡನ್ನರು ಎರಡು ಹೆಸರುಗಳಲ್ಲಿಯೂ ಘೋಷಣೆಯನ್ನು ಹೊರಡಿಸಿದರು.

ನಿಂದೆಗೊಳಗಾದ ಒಂದು ಜನಕ್ಕೆ ಮಾನವನ್ನು ತಂದ ದಿನವೇ ಮತ್ತೊಂದು ಜನಕ್ಕೆ ಸೂತಕದ ದಿನವಾಗಿದೆ. ಇವೆರಡೂ ಸತ್ಯ. ಮನೆಯ ಮಕ್ಕಳಿಗೆ ಕೊಲಂಬಸನ ಸಾಹಸವನ್ನು ಹೇಳುವ ತಾಯಿತಂದೆಗಳು ಹಡಗಿನಲ್ಲಿ ಬಂದವನ ಕಥೆಯೊಡನೆ ದಡದಲ್ಲಿ ನಿಂತಿದ್ದವರ ಕಥೆಯನ್ನೂ ಹೇಳತಕ್ಕದ್ದೆಂದು ನಮ್ಮ ಅಭಿಪ್ರಾಯ.