ಸರಕು ಸಾಗಣೆ, ಸ್ವಂತ ಉದ್ಯಮ ಮತ್ತು ವಾಣಿಜ್ಯ ಪದವಿ

ಭಾರತದ ವಿಶ್ವವಿದ್ಯಾಲಯಗಳ ವಾಣಿಜ್ಯ ಶಿಕ್ಷಣವು ಬಹುಕಾಲ ಲೆಕ್ಕಪತ್ರವನ್ನೇ ನೆಚ್ಚಿಕೊಂಡು ಬೆಳೆಯಿತು. ಏಷ್ಯಾದ ಮೊದಲ ವಾಣಿಜ್ಯ ಕಾಲೇಜೆಂದು ಹೆಸರಾದ ಮುಂಬೈಯ ಸಿಡ್ನಹ್ಯಾಂ ಕಾಲೇಜು 1913ರಲ್ಲಿ ಆರಂಭವಾದ ಮೇಲೆ ದೇಶದ ಬೇರೆ ಬೇರೆ ಕಡೆ ರೂಪುಗೊಂಡ ಬಿ.ಕಾಂ. ಪದವಿಯು ಬ್ಯಾಂಕು, ವಿಮಾ ಕಂಪನಿ, ಆಡಿಟ್ ಕಚೇರಿ ಮತ್ತು ಸರ್ಕಾರಿ ಇಲಾಖೆಗಳಿಗೆ ಬೇಕಾದ ಜನರನ್ನು ಅಣಿಗೊಳಿಸುವ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆದರೆ ಜಮೆ-ಖರ್ಚು ಬರೆಯಲು ಕಾರಣವಾದ ಸರಕು ಎಲ್ಲಿಂದ ಹೊರಟು, ಯಾರ ಕೈ ದಾಟಿ, ಎಷ್ಟು ದಿನ ಎಲ್ಲಿ ತಂಗಿ ಗಿರಾಕಿಯನ್ನು ತಲುಪಿತು ಎಂಬ ವಿಷಯಕ್ಕೆ ಆ ಪಠ್ಯದಲ್ಲಿ ಎರಡು ಸಾಲುಗಳಿಗಿಂತ ಹೆಚ್ಚು ಜಾಗ ಸಿಗಲಿಲ್ಲ: ಕೊಂಡ ಮಾಲನ್ನು ತರಿಸಿದ ಸಾಗಣೆ ವೆಚ್ಚ ವ್ಯಾಪಾರ ಖಾತೆಗೆ ಹೋಗಬೇಕು, ಮಾರಿದ ಮಾಲನ್ನು ಕಳುಹಿಸಿದ ವೆಚ್ಚ ಲಾಭ-ನಷ್ಟ ಖಾತೆಗೆ ಹೋಗಬೇಕು. ಈ ಎರಡು ಸಾಲುಗಳ ಹಿಂದಿರುವ ಲೋಕವನ್ನೇ ಇಂದು ಲಾಜಿಸ್ಟಿಕ್ಸ್ ಎಂಬ ಹೆಸರಿನಲ್ಲಿ ಬಿ.ಬಿ.ಎ. ಮತ್ತು ಬಿ.ಕಾಂ. ತರಗತಿಗಳಲ್ಲಿ ಪ್ರತ್ಯೇಕವಾಗಿ ಕಲಿಸಲಾಗುತ್ತಿದ್ದು, ಸರಕಿನ ಸಾಗಣೆ, ದಾಸ್ತಾನು, ಪ್ಯಾಕಿಂಗ್, ವಿತರಣೆ ಮತ್ತು ಇವೆಲ್ಲಕ್ಕೂ ಜೊತೆಯಾಗುವ ಕಾಗದಪತ್ರ ಹಾಗೂ ಮಾಹಿತಿಯನ್ನು ಒಂದೇ ವ್ಯವಸ್ಥೆಯಾಗಿ ನೋಡುವ ವಿದ್ಯೆ ಇದು.

ಈ ವಿದ್ಯೆಗೆ ಇದ್ದಕ್ಕಿದ್ದಂತೆ ಬೇಡಿಕೆ ಬಂದುದಕ್ಕೆ ತೆರಿಗೆಯ ಬದಲಾವಣೆಯೂ ಒಂದು ಮುಖ್ಯ ಕಾರಣ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬರುವವರೆಗೂ ರಾಜ್ಯದಿಂದ ರಾಜ್ಯಕ್ಕೆ ಮಾರಾಟ ಮಾಡಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿದ್ದುದರಿಂದ, ಅದನ್ನು ತಪ್ಪಿಸಲು ದೊಡ್ಡ ಕಂಪನಿಗಳು ಪ್ರತಿ ರಾಜ್ಯದಲ್ಲೂ ಒಂದೊಂದು ಸಣ್ಣ ಗೋಡೌನ್ ಇಟ್ಟುಕೊಂಡು, ಮಾಲನ್ನು ಮಾರಾಟವೆಂದು ತೋರಿಸದೆ ತಮ್ಮದೇ ಶಾಖೆಗೆ ವರ್ಗಾವಣೆ ಎಂದು ಕಳುಹಿಸುತ್ತಿದ್ದವು. ಗೋಡೌನು ಎಲ್ಲಿರಬೇಕೆಂಬುದನ್ನು ಆಗ ತೆರಿಗೆ ಸಲಹೆಗಾರ ನಿರ್ಧರಿಸುತ್ತಿದ್ದ, ಜಿ.ಎಸ್.ಟಿ. ಬಂದ ಮೇಲೆ ದೂರ, ರಸ್ತೆ, ಬಾಡಿಗೆ ಮತ್ತು ಗಿರಾಕಿಗಳ ಸಾಂದ್ರತೆ ಅದನ್ನು ನಿರ್ಧರಿಸತೊಡಗಿದವು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಲಾಜಿಸ್ಟಿಕ್ಸ್ ಕ್ಷೇತ್ರಕ್ಕೆ ಮೂಲಸೌಕರ್ಯದ ಸ್ಥಾನಮಾನ ನೀಡಿತು. ದೊಡ್ಡ ಉಗ್ರಾಣಗಳಿಗೆ ದೀರ್ಘಾವಧಿಯ ಸಾಲ ಸಿಗುವುದು ಇದರಿಂದ ಸುಲಭವಾಯಿತು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಪ್ರಕಟವಾಯಿತು. ಅದೇ ವರ್ಷ ವಡೋದರದ ರೈಲ್ವೆ ಮತ್ತು ಸಾರಿಗೆ ಸಂಸ್ಥೆಯು ಗತಿಶಕ್ತಿ ವಿಶ್ವವಿದ್ಯಾಲಯವೆಂಬ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು.

ಪದವೀಧರನಿಗೆ ಈ ಕ್ಷೇತ್ರದಲ್ಲಿ ಮೊದಲ ದಿನವೇ ಎದುರಾಗುವ ಕಾಗದವೆಂದರೆ ಇ-ವೇ ಬಿಲ್, ಅಂದರೆ ಸರಕು ಚಲಿಸುವ ಮುನ್ನ ಜಿ.ಎಸ್.ಟಿ. ಜಾಲತಾಣದಲ್ಲಿ ಪಡೆಯಬೇಕಾದ ಸಾಗಣೆ ರಹದಾರಿ. ಅಂತರರಾಜ್ಯ ಸಾಗಣೆಗೆ 2018ರ ಏಪ್ರಿಲ್ 1ರಿಂದ ಇದು ಕಡ್ಡಾಯವಾದಾಗ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಇದನ್ನು ಜಾರಿಗೆ ತಂದ ರಾಜ್ಯ ಕರ್ನಾಟಕ. ಸಾಮಾನ್ಯವಾಗಿ ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಇದು ಬೇಕು. ಇದರ ಮೊದಲ ಭಾಗದಲ್ಲಿ ಮಾರಿದವರು, ಕೊಂಡವರು, ಮಾಲು ಮತ್ತು ಮೌಲ್ಯದ ವಿವರವಿದ್ದರೆ, ಎರಡನೆಯ ಭಾಗದಲ್ಲಿ ವಾಹನದ ನಂಬರು ಇರುತ್ತದೆ. ದಾರಿಯಲ್ಲಿ ಲಾರಿ ಕೆಟ್ಟು ಮಾಲನ್ನು ಬೇರೆ ಲಾರಿಗೆ ತುಂಬಿದರೆ ಈ ಎರಡನೆಯ ಭಾಗವನ್ನು ಆಗಿಂದಾಗಲೇ ತಿದ್ದಬೇಕು. ಸಾಧಾರಣ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ ಸಿಗುತ್ತದೆ, ಉಳಿದ ದೂರ ಎಷ್ಟೇ ಇದ್ದರೂ ಅದಕ್ಕೆ ಇನ್ನೊಂದು ದಿನ. ಈ ಒಂದೇ ಕಾಗದದಲ್ಲಿ ತೆರಿಗೆ ಕಾನೂನು, ರಸ್ತೆಯ ದೂರ, ಡ್ರೈವರನ ದಿನಚರಿ ಮತ್ತು ಬಿಲ್ಲಿನ ಲೆಕ್ಕ ನಾಲ್ಕೂ ಸೇರಿವೆ. ಇದರ ವ್ಯಾಖ್ಯೆಯನ್ನು ಪರೀಕ್ಷೆಗೆ ಬರೆದು ಬಂದ ವಿದ್ಯಾರ್ಥಿಗೂ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕುಳಿತು ಹತ್ತಾರು ಬಿಲ್ಲು ತೆಗೆದ ವಿದ್ಯಾರ್ಥಿಗೂ ಇರುವ ಅಂತರ ಸಣ್ಣದಲ್ಲ.

ಹಾಗೆಂದು ತರಗತಿಯ ಪಾಠ ವ್ಯರ್ಥವೆನ್ನುವುದು ದೊಡ್ಡ ತಪ್ಪಾಗುತ್ತದೆ, ಏಕೆಂದರೆ ಅನುಭವಿಗಳು ಅಂದಾಜಿನಲ್ಲಿ ಮಾಡುವ ಕೆಲಸಕ್ಕೆ ಅಳತೆ ಕೊಡುವುದು ಸಿದ್ಧಾಂತವೇ. ಅಮೆರಿಕದ ಫೋರ್ಡ್ ಹ್ಯಾರಿಸ್ 1913ರಲ್ಲಿ ಪ್ರಕಟಿಸಿದ, ಒಮ್ಮೆಗೆ ಎಷ್ಟು ಮಾಲು ತರಿಸುವುದು ಮಿತವ್ಯಯಕರ ಎಂಬ ಸೂತ್ರವನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಒಬ್ಬ ವ್ಯಾಪಾರಿಗೆ ವರ್ಷಕ್ಕೆ 3,600 ಮೂಟೆ ಮಾಲು ಬೇಕು, ಒಂದೊಂದು ಸಲ ಆರ್ಡರು ಕೊಟ್ಟು ತರಿಸಲು 500 ರೂಪಾಯಿ ತಗಲುತ್ತದೆ, ಒಂದು ಮೂಟೆಯನ್ನು ವರ್ಷವಿಡೀ ಗೋಡೌನಿನಲ್ಲಿಡಲು ಬಾಡಿಗೆ ಮತ್ತು ಬಡ್ಡಿ ಸೇರಿ 10 ರೂಪಾಯಿ ಆಗುತ್ತದೆ ಎಂದಿಟ್ಟುಕೊಂಡರೆ, ತಿಂಗಳಿಗೊಮ್ಮೆ 300 ಮೂಟೆ ತರಿಸುವವನಿಗೆ ಆರ್ಡರಿನ ಖರ್ಚು 6,000 ಮತ್ತು ಸರಾಸರಿ 150 ಮೂಟೆಯ ದಾಸ್ತಾನಿನ ಖರ್ಚು 1,500 ಸೇರಿ ಒಟ್ಟು 7,500 ರೂಪಾಯಿ ಬೀಳುತ್ತದೆ. ವರ್ಷಕ್ಕೆ ಎರಡೇ ಸಲ ತರಿಸುವವನಿಗೆ ಆರ್ಡರಿನ ಖರ್ಚು 1,000ಕ್ಕೆ ಇಳಿದರೂ ದಾಸ್ತಾನಿನ ಖರ್ಚು 9,000ಕ್ಕೆ ಏರುತ್ತದೆ. ಸೂತ್ರದ ಉತ್ತರ 600 ಮೂಟೆ, ಅಂದರೆ ಎರಡು ತಿಂಗಳಿಗೊಮ್ಮೆ. ಆಗ ಎರಡೂ ಖರ್ಚು ತಲಾ 3,000 ರೂಪಾಯಿಯಾಗಿ ಸಮಕ್ಕೆ ಬಂದು, ಒಟ್ಟು 6,000ಕ್ಕೆ ನಿಲ್ಲುತ್ತದೆ. ಬೇಡಿಕೆ ವರ್ಷವಿಡೀ ಒಂದೇ ಸಮ ಇರುತ್ತದೆಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ ಎಂಬುದನ್ನೂ, ಹಬ್ಬದ ತಿಂಗಳು ಮತ್ತು ಸುಗ್ಗಿಯ ತಿಂಗಳು ಆ ಊಹೆಯನ್ನು ಮುರಿಯುತ್ತವೆ ಎಂಬುದನ್ನೂ ಹೇಳಿಕೊಟ್ಟಾಗಲೇ ಪಾಠ ಪೂರ್ಣವಾಗುತ್ತದೆ.

ಸುಗ್ಗಿಯ ಪ್ರಶ್ನೆಗೆ ಹಾವೇರಿ ಜಿಲ್ಲೆಯ ಬ್ಯಾಡಗಿಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಗಾಢವಾದ ಬಣ್ಣ ಮತ್ತು ಕಡಿಮೆ ಖಾರಕ್ಕೆ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಬರುವುದು ವರ್ಷದ ಕೆಲವೇ ತಿಂಗಳು, ಮಸಾಲೆ ಕಂಪನಿಗಳಿಗೂ ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಅದು ಬೇಕಾಗುವುದು ವರ್ಷಪೂರ್ತಿ. ಬಿಸಿಲಿಗೆ ಬಿಟ್ಟರೆ ಬಣ್ಣ ಮಾಸುವುದರಿಂದ ಊರಿನ ಸುತ್ತ ಶೀತಲ ಗೃಹಗಳು ಎದ್ದಿವೆ. ಮೆಣಸಿನಕಾಯಿಯನ್ನು ಅಲ್ಲಿಡುವುದು ಲಾಭವೋ ನಷ್ಟವೋ ಎಂಬುದು ಮುಂದೆ ಬರುವ ದರವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಶೀತಲ ಗೃಹದ ಬಾಡಿಗೆ, ಹಮಾಲಿ, ಕಟ್ಟಿಹಾಕಿದ ಹಣದ ಬಡ್ಡಿ ಮತ್ತು ತೂಕದಲ್ಲಾಗುವ ಕೊರತೆ ಇವನ್ನೆಲ್ಲ ಕಳೆದು ಏನು ಉಳಿಯುತ್ತದೆ ಎಂಬುದನ್ನು ನೋಡಬೇಕು. ಇಲ್ಲಿಯೇ ಉಗ್ರಾಣ ರಸೀದಿಯ ಪಾಠವೂ ಬರುತ್ತದೆ: 2007ರ ಉಗ್ರಾಣ ಕಾಯ್ದೆಯಡಿ ನೋಂದಾಯಿತ ಗೋಡೌನಿನಲ್ಲಿ ಮಾಲಿಟ್ಟವರಿಗೆ ಸಿಗುವ ವರ್ಗಾಯಿಸಬಹುದಾದ ರಸೀದಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದಾದ್ದರಿಂದ, ದರ ಬಿದ್ದ ದಿನವೇ ಮಾರಲೇಬೇಕಾದ ಒತ್ತಡ ಕಡಿಮೆಯಾಗುತ್ತದೆ.

ರಫ್ತಿನ ಪಾಠಕ್ಕೆ ಕೊಡಗು, ಚಿಕ್ಕಮಗಳೂರುಗಳಿಂದ ಪಣಂಬೂರಿನ ನವಮಂಗಳೂರು ಬಂದರಿಗೆ ಇಳಿಯುವ ಕಾಫಿಯಿದೆ. ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ರೂಪಿಸಿ ಕಾಲಕಾಲಕ್ಕೆ ಪರಿಷ್ಕರಿಸಿದ, ಸದ್ಯ 11 ನಿಬಂಧನೆಗಳಿರುವ ಇನ್ಕೋಟರ್ಮ್ಸ್ ಎಂಬ ಒಪ್ಪಂದ ಸೂತ್ರಗಳು ಮಾಲಿನ ಖರ್ಚು ಮತ್ತು ಹೊಣೆ ಯಾವ ಜಾಗದಲ್ಲಿ ಮಾರುವವನಿಂದ ಕೊಳ್ಳುವವನಿಗೆ ದಾಟುತ್ತವೆ ಎಂಬುದನ್ನು ಹೇಳುತ್ತವೆ. ಎಫ್.ಒ.ಬಿ. ಎಂದರೆ ಮಾಲು ಹಡಗಿಗೆ ಏರುವವರೆಗಿನ ಹೊಣೆ ಮಾರುವವನದು. ಸಿ.ಐ.ಎಫ್. ಎಂದರೆ ಹಡಗಿನ ಬಾಡಿಗೆ ಮತ್ತು ವಿಮೆಯನ್ನೂ ಅವನೇ ಕಟ್ಟುತ್ತಾನೆ, ಆದರೆ ನಷ್ಟದ ಹೊಣೆ ಮಾತ್ರ ಹಡಗಿಗೆ ಏರಿದಾಗಲೇ ಕೊಳ್ಳುವವನಿಗೆ ದಾಟಿರುತ್ತದೆ. ಹಣ ಕಟ್ಟುವವನೇ ಹೊಣೆಗಾರನೆಂದು ಭಾವಿಸುವ ವಿದ್ಯಾರ್ಥಿಗಳು ತಪ್ಪುವುದು ಇಲ್ಲಿ. ಕಂಟೇನರಿನಲ್ಲಿ ಹೋಗುವ ಮಾಲು ಹಡಗು ಬರುವ ಎಷ್ಟೋ ಮುಂಚೆ ಬಂದರಿನ ಅಂಗಳದಲ್ಲಿ ಕೈ ಬದಲಾಗುವುದರಿಂದ ಎಫ್.ಒ.ಬಿ.ಗಿಂತ ಎಫ್.ಸಿ.ಎ. ಎಂಬ ನಿಬಂಧನೆ ಹೆಚ್ಚು ಸೂಕ್ತ. ಈ ತಿಳಿವಳಿಕೆಯುಳ್ಳ ಪದವೀಧರ ಒಂದು ಸಣ್ಣ ರಫ್ತು ಸಂಸ್ಥೆಯನ್ನು ದೊಡ್ಡ ನಷ್ಟದಿಂದ ಕಾಪಾಡಬಲ್ಲ.

ಲಾಜಿಸ್ಟಿಕ್ಸ್ ಮತ್ತು ಸ್ವಂತ ಉದ್ಯಮವನ್ನು ಒಂದೇ ಪದವಿಯೊಳಗೆ ಜೋಡಿಸುವುದಕ್ಕೆ ಗಟ್ಟಿಯಾದ ಆಧಾರವಿದೆ. ನೌಕರಿಯಲ್ಲಿ ಕಲಿತದ್ದು ನೇರವಾಗಿ ಸ್ವಂತ ವ್ಯವಹಾರಕ್ಕೆ ಬಂಡವಾಳವಾಗುವ ಕ್ಷೇತ್ರಗಳಲ್ಲಿ ಇದೂ ಒಂದು. ಬುಕಿಂಗ್ ಏಜೆನ್ಸಿ, ಒಂದೆರಡು ಲಾರಿ, ಸಣ್ಣ ಗೋಡೌನು, ಕಸ್ಟಮ್ಸ್ ಕಾಗದಪತ್ರದ ಕೆಲಸ ಹೀಗೆ ಚಿಕ್ಕದಾಗಿ ಆರಂಭಿಸಲು ಇಲ್ಲಿ ಬಾಗಿಲುಗಳಿವೆ. ಮುದ್ರಣ ಮತ್ತು ಪ್ರಕಾಶನದ ಮನೆತನದಿಂದ ಬಂದ ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯೊಂದಿಗೆ ಆರಂಭಿಸಿದ ವ್ಯವಹಾರವು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಬೆಳೆದು, 2015ರಲ್ಲಿ ವಿ.ಆರ್.ಎಲ್. ಲಾಜಿಸ್ಟಿಕ್ಸ್ ಎಂಬ ಹೆಸರಿನಲ್ಲಿ ಷೇರುಪೇಟೆಗೆ ಬಂತು. ಇದನ್ನು ಛಲದ ಕಥೆಯಾಗಿ ಹೇಳುವುದು ರೂಢಿ, ಆದರೆ ತರಗತಿಗೆ ಹೆಚ್ಚು ಉಪಯುಕ್ತವಾದದ್ದು ಅದರ ವ್ಯವಹಾರ ವಿಧಾನ. ಒಬ್ಬನೇ ಗಿರಾಕಿಯ ಮಾಲಿನಿಂದ ಲಾರಿ ತುಂಬುವ ಫುಲ್ ಲೋಡ್ ಸಾಗಣೆಯಲ್ಲಿ ಬಾಡಿಗೆಗೆ ಪೈಪೋಟಿ ವಿಪರೀತ. ಹತ್ತಾರು ಗಿರಾಕಿಗಳ ಸಣ್ಣಪುಟ್ಟ ಗಂಟುಗಳನ್ನು ಒಟ್ಟುಮಾಡುವ ಪಾರ್ಸೆಲ್ ಸಾಗಣೆಯಲ್ಲಿ ಶಾಖೆಗಳ ಜಾಲ, ನಡುವೆ ಮಾಲನ್ನು ಇಳಿಸಿ ವಿಂಗಡಿಸಿ ಮತ್ತೆ ತುಂಬುವ ಕೇಂದ್ರಗಳು, ಎರಡೂ ದಿಕ್ಕಿನಲ್ಲಿ ತುಂಬಿದ ಲಾರಿ ಇವು ಬೇಕಾಗುತ್ತವೆ. ಕಟ್ಟಲು ಕಷ್ಟವಾದ ಈ ಜಾಲವೇ ಕಟ್ಟಿದವನಿಗೆ ರಕ್ಷಣೆಯಾಗುತ್ತದೆ.

ಉದ್ಯಮಶೀಲತೆಯ ಪಠ್ಯಪುಸ್ತಕಗಳು ನಾಯಕತ್ವ, ಸೃಜನಶೀಲತೆ, ಸಾಹಸ ಪ್ರವೃತ್ತಿಗಳ ಪಟ್ಟಿ ಕೊಡುವುದರಲ್ಲಿ ಪುಟಗಳನ್ನು ಕಳೆದು, ಹೊಸ ಉದ್ಯಮಗಳು ಎಡವುವ ಜಾಗವನ್ನು ಅವಸರದಲ್ಲಿ ದಾಟಿಬಿಡುತ್ತವೆ. ಆ ಜಾಗ ಕೈಯಲ್ಲಿರುವ ನಗದು. ತಿಂಗಳಿಗೆ 10 ಲಕ್ಷ ರೂಪಾಯಿಯ ಬಾಡಿಗೆ ದುಡಿಯುವ, ಡೀಸೆಲ್, ಟೋಲು, ಡ್ರೈವರನ ಬತ್ತೆ, ಕಂತು ಎಲ್ಲ ಸೇರಿ 9 ಲಕ್ಷವನ್ನು ಆಯಾ ತಿಂಗಳೇ ಕೊಡಬೇಕಾದ ಸಾಗಣೆ ಸಂಸ್ಥೆಯೊಂದನ್ನು ಊಹಿಸಿದರೆ, ಪುಸ್ತಕದಲ್ಲಿ ಅದು ತಿಂಗಳಿಗೆ 1 ಲಕ್ಷ ಲಾಭ ಮಾಡುತ್ತಿರುತ್ತದೆ. ಆದರೆ ತಿಂಗಳ ಕೊನೆಗೆ ಕೊಟ್ಟ ಬಿಲ್ಲಿನ ಹಣ 60 ದಿನದ ಮೇಲೆ ಬರುವುದಾದರೆ, ಮೊದಲ 10 ಲಕ್ಷ ಕೈಗೆ ಬರುವಷ್ಟರಲ್ಲಿ ಮೂರು ತಿಂಗಳ 27 ಲಕ್ಷ ಖರ್ಚಾಗಿರುತ್ತದೆ. ವ್ಯವಹಾರ ಹೆಚ್ಚಿದಷ್ಟೂ ಈ ಕಂದಕ ಅಗಲವಾಗುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ, ತಡಮಾಡಿದವರು ಬಡ್ಡಿ ಸೇರಿಸಿ ಕೊಡಬೇಕೆಂದೂ ಹೇಳುತ್ತದೆ. ಈ ಹಕ್ಕು ತನಗಿದೆಯೆಂದೂ ಅದಕ್ಕಾಗಿ ಉದ್ಯಮ್ ನೋಂದಣಿ ಮಾಡಿಸಿರಬೇಕೆಂದೂ ಪದವಿ ಮುಗಿಸುವ ಪ್ರತಿಯೊಬ್ಬ ವಾಣಿಜ್ಯ ವಿದ್ಯಾರ್ಥಿಗೆ ಗೊತ್ತಿರಲೇಬೇಕು.

ಉದ್ಯಮಶೀಲತೆಯನ್ನು ಕಲಿಸುವ ವಿಷಯದಲ್ಲಿ ವಿಶ್ವವಿದ್ಯಾಲಯಗಳು ಉಜಿರೆಯ ಕಡೆ ನೋಡುವುದು ಒಳ್ಳೆಯದು. ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಅಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯು ಯುವಜನರಿಗೆ ಊಟ-ವಸತಿ ಸಹಿತ ಅಲ್ಪಾವಧಿಯ ತರಬೇತಿ ಕೊಟ್ಟು, ಬ್ಯಾಂಕ್ ಸಾಲದ ದಾರಿ ತೋರಿಸಿ, ತರಬೇತಿ ಮುಗಿದ ಮೇಲೂ ಅವರ ಬೆನ್ನಿಗೆ ನಿಲ್ಲುವ ಪದ್ಧತಿಯನ್ನು ಬೆಳೆಸಿತು. ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂದಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಇದೇ ಮಾದರಿ. ಮೂರು ವರ್ಷ ಕೈಯಲ್ಲಿದ್ದ ವಿದ್ಯಾರ್ಥಿಯನ್ನು ಫಲಿತಾಂಶದ ದಿನವೇ ಕೈಬಿಡುವ ವಿಶ್ವವಿದ್ಯಾಲಯಕ್ಕೆ ಈ ಬೆನ್ನುಹತ್ತುವ ಶ್ರದ್ಧೆ ಬರಬೇಕಾಗಿದೆ.

ಇತ್ತೀಚೆಗೆ ಬಂದಿರುವ ಅಪ್ರೆಂಟಿಸ್‌ಶಿಪ್ ಸಹಿತ ಪದವಿಯು ಈ ಕೊರತೆಯನ್ನು ತುಂಬುವ ಪ್ರಯತ್ನ. ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ಮಾರ್ಗಸೂಚಿಯು ಪದವಿಯ ಭಾಗವಾಗಿಯೇ ಉದ್ಯಮದಲ್ಲಿ ತರಬೇತಿ ಪಡೆಯಲು ಅವಕಾಶ ಕೊಟ್ಟಿದ್ದು, ಕರ್ನಾಟಕದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಇಂಥ ಪದವಿಗಳನ್ನು ಆರಂಭಿಸಿವೆ. ವಿದ್ಯಾರ್ಥಿ ಕೆಲವು ಸೆಮಿಸ್ಟರ್ ಕಾಲೇಜಿನಲ್ಲಿ ಓದಿ, ಉಳಿದ ಅವಧಿಯನ್ನು ಕಂಪನಿಯಲ್ಲಿ ಮಾಸಿಕ ಭತ್ಯೆಯೊಂದಿಗೆ ಕೆಲಸ ಮಾಡುತ್ತ ಕಳೆದು, ಆ ಕೆಲಸಕ್ಕೂ ಅಂಕ ಪಡೆಯುತ್ತಾನೆ ಅಥವಾ ಪಡೆಯುತ್ತಾಳೆ. ಬಡ ಮನೆಯ ಮಕ್ಕಳು ಓದನ್ನು ನಡುವೆ ಬಿಡದಂತೆ ಮಾಡುವ ಶಕ್ತಿ ಈ ಭತ್ಯೆಗಿದೆ. ಅಪಾಯವೂ ಇದೆ: ಉಗ್ರಾಣಗಳಲ್ಲಿ ಮಾಲನ್ನು ಎತ್ತಿ, ಸ್ಕ್ಯಾನ್ ಮಾಡಿ, ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ ಸದಾ ಕೈಗಳು ಬೇಕಾಗಿರುವುದರಿಂದ, ಪದವಿ ವಿದ್ಯಾರ್ಥಿಯನ್ನು ವರ್ಷವಿಡೀ ಅದೇ ಕೆಲಸಕ್ಕೆ ಹಚ್ಚಿ ಅಗ್ಗದ ದುಡಿಮೆ ಪಡೆಯುವುದು ಸುಲಭ. ಮಾಲು ಒಳಬರುವ ಕಟ್ಟೆ, ದಾಸ್ತಾನಿನ ಲೆಕ್ಕ, ವಾಹನ ನಿಯೋಜನೆ, ಬಿಲ್ಲಿಂಗ್, ಗಿರಾಕಿಯ ದೂರು ಇಷ್ಟು ವಿಭಾಗಗಳಲ್ಲಿ ಎಷ್ಟೆಷ್ಟು ವಾರ ಕೆಲಸವೆಂಬುದನ್ನು ಕಾಲೇಜು ಒಪ್ಪಂದದಲ್ಲೇ ಬರೆಸಿಕೊಂಡು, ಅಧ್ಯಾಪಕರು ಸ್ಥಳಕ್ಕೆ ಹೋಗಿ ನೋಡುವಂತಾಗಬೇಕು.

ಹಾಗೆ ನೋಡಬೇಕಾದ ಅಧ್ಯಾಪಕರಲ್ಲಿ ಅನೇಕರು ಬಂದರಿನ ಅಂಗಳವನ್ನೋ ಶೀತಲ ಗೃಹದ ಒಳಗನ್ನೋ ಕಂಡಿರುವುದಿಲ್ಲ, ಅದು ಅವರ ದೋಷವೂ ಅಲ್ಲ. ರಜೆಯಲ್ಲಿ ಒಂದು ತಿಂಗಳು ಅವರನ್ನೇ ಮೊದಲು ಅಲ್ಲಿಗೆ ಕಳುಹಿಸುವ ಏರ್ಪಾಡು ಹೊಸ ಪಠ್ಯಕ್ರಮಕ್ಕಿಂತ ತುರ್ತಿನದು. ಪಿ.ಯು.ವರೆಗೆ ಕನ್ನಡದಲ್ಲಿ ಓದಿ ಬಂದವರು ಈ ತರಗತಿಗಳಲ್ಲಿ ಬಹಳ ಮಂದಿ ಇದ್ದಾರೆಂಬುದನ್ನೂ ಮರೆಯುವಂತಿಲ್ಲ. ಲಾರಿ ಮಾಲೀಕರೊಡನೆ, ಡ್ರೈವರುಗಳೊಡನೆ, ಎ.ಪಿ.ಎಂ.ಸಿ.ಯ ದಲಾಲರೊಡನೆ ಮಾತಾಡಲು ಅವರ ಕನ್ನಡವೇ ದೊಡ್ಡ ಬಲವಾಗಿರುವಾಗ, ದಾಸ್ತಾನಿನ ಸೂತ್ರವನ್ನೂ ರಫ್ತಿನ ನಿಬಂಧನೆಯನ್ನೂ ಮೊದಲು ಕನ್ನಡದಲ್ಲಿ ಅರ್ಥಮಾಡಿಸಿ ಆಮೇಲೆ ಇಂಗ್ಲಿಷ್ ಕಾಗದಪತ್ರಗಳನ್ನು ತುಂಬುವ ಅಭ್ಯಾಸ ಕೊಟ್ಟರೆ ಅವರು ಎರಡೂ ಕಡೆ ನಿಲ್ಲಬಲ್ಲರು. ಇದಕ್ಕೆ ಬೇಕಾದ ಪಠ್ಯಪುಸ್ತಕಗಳನ್ನು ಬರೆಸುವ ಕೆಲಸವನ್ನು ರಾಜ್ಯದ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಕೈಗೆತ್ತಿಕೊಳ್ಳಬಹುದು, ಮತ್ತು ಅಂಥ ಪುಸ್ತಕದ ಬರವಣಿಗೆಯಲ್ಲಿ ವಾಣಿಜ್ಯ ಪ್ರಾಧ್ಯಾಪಕರ ಜೊತೆಗೆ ಒಬ್ಬ ಅನುಭವಿ ಬುಕಿಂಗ್ ಗುಮಾಸ್ತರೂ ಒಬ್ಬ ಕಸ್ಟಮ್ಸ್ ಏಜೆಂಟರೂ ಕುಳಿತಿರಬೇಕು.