ಹಳೇ ಪೆಟ್ಟು, ಈಗಲೂ ನೋವು: ಟ್ರಾಮಾ ಥೆರಪಿಯಲ್ಲಿ ನಿಜಕ್ಕೂ ಏನು ನಡೆಯುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇವತ್ತು ಅಪಘಾತ, ಸಾವಿನ ಮಾತು ಬರುತ್ತೆ. ಕೇಳೋಕೆ ಕಷ್ಟ ಅನ್ನಿಸಿದ್ರೆ ನಿಲ್ಲಿಸಿ, ಇನ್ನೊಂದು ದಿನ ಕೇಳಿ. ಸಂಚಿಕೆ ಎಲ್ಲೂ ಹೋಗಲ್ಲ.

ಆತಂಕದ ಬಗ್ಗೆ ಮಾಡಿದ ಸಂಚಿಕೆ ಆದ ಮೇಲೆ ಬಂದ ವಾಯ್ಸ್ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಥರ ಇತ್ತು. "ಆಗಿದ್ದು ಆಗಿಹೋಯ್ತು, ಎಷ್ಟೋ ವರ್ಷ ಆಯ್ತು. ಈಗ ಯಾರದೋ ಮುಂದೆ ಕೂತು ಮಾತಾಡಿದ್ರೆ ಏನು ಬದಲಾಗುತ್ತೆ?" ನಮ್ಮಕ್ಕ ಕೂಡ ಇದನ್ನೇ ಕೇಳಿದ್ಲು. ಅವಳ ವಿಷಯ ಮುಂದೆ ಹೇಳ್ತೀನಿ. ಅವಳ ಒಪ್ಪಿಗೆ ತಗೊಂಡಿದೀನಿ, ಅವಳೇ ಸ್ಕ್ರಿಪ್ಟ್ ಓದಿ ಎರಡು ಕಡೆ ಗೀಟು ಹಾಕಿದಾಳೆ.

ನಾನು ಓದಿದ್ದು ಬಿಕಾಂ, ಮನಶ್ಶಾಸ್ತ್ರ ಅಲ್ಲ. ಹಾಗಾಗಿ ಇದು ನನಗೆ ಹೊಳೆದಿದ್ದೂ ಲೆಕ್ಕದ ಭಾಷೆಯಲ್ಲೇ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ ಆ ವ್ಯತ್ಯಾಸದ ಮೊತ್ತವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಂದೆ ಹೋಗ್ತೀವಿ. ಮೇಲ್ನೋಟಕ್ಕೆ ಎಲ್ಲಾ ಸರಿ. ಆದರೆ ಎಲ್ಲಿ ತಪ್ಪಿದೆ ಅಂತ ಹಳೇ ಪುಟ ತೆಗೆದು ಹುಡುಕೋವರೆಗೂ ಆ ಮೊತ್ತ ಹೋಗಲ್ಲ, ವರ್ಷದಿಂದ ವರ್ಷಕ್ಕೆ ಬರ್ತಾನೇ ಇರುತ್ತೆ.

ವೈದ್ಯರು ಇದಕ್ಕೆ ಪಿಟಿಎಸ್‌ಡಿ ಅಂತಾರೆ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಈ ಹೆಸರು ಸೇರಿದ್ದು 1980ರಲ್ಲಿ. ಅದಕ್ಕೆ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರ ಪಾಡು ಒಂದು ದೊಡ್ಡ ಕಾರಣ. ಆದರೆ ಇದು ಸೈನಿಕರ ಕಾಯಿಲೆ ಮಾತ್ರ ಅಲ್ಲ. ಅಪಘಾತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತ, ಪ್ರವಾಹ, ಭೂಕುಸಿತ, ಯಾವುದರಿಂದಲೂ ಬರಬಹುದು. ಬೇಡ ಅಂದರೂ ಆ ದೃಶ್ಯ ಕಣ್ಮುಂದೆ ಬರುತ್ತೆ, ಕೆಟ್ಟ ಕನಸು ಬೀಳುತ್ತೆ. ಅದನ್ನ ನೆನಪಿಸೋ ಜಾಗ, ಜನ, ಮಾತು ಎಲ್ಲದರಿಂದ ದೂರ ಉಳೀತೀವಿ. ಸಣ್ಣ ಸದ್ದಿಗೂ ಬೆಚ್ಚಿ ಬೀಳ್ತೀವಿ. ತನ್ನ ಮೇಲೆ, ಲೋಕದ ಮೇಲೆ ನಂಬಿಕೆ ಹೋಗಿರುತ್ತೆ.

ಇಲ್ಲಿ ಒಂದು ಸಮಾಧಾನದ ವಿಷಯ ಇದೆ. ಆಘಾತ ಆದವರಲ್ಲಿ ಹೆಚ್ಚಿನವರು ಕೆಲವು ವಾರ, ತಿಂಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ತಾರೆ. ಒಂದು ತಿಂಗಳಾದ್ರೂ ಈ ಲಕ್ಷಣಗಳು ಹೋಗದೆ ಬದುಕಿಗೆ ಅಡ್ಡ ಬರ್ತಿದ್ರೆ ಮಾತ್ರ ಪಿಟಿಎಸ್‌ಡಿ ಅಂತ ಗುರುತಿಸೋದು. ಹಾಗಾಗಿ ಘಟನೆ ಆದ ಮಾರನೇ ದಿನವೇ "ಹೇಳು, ಏನಾಯ್ತು, ಎಲ್ಲಾ ಹೇಳ್ಕೊಂಡು ಹಗುರ ಆಗು" ಅಂತ ಬಲವಂತ ಮಾಡೋದು ಬೇಡ. ಪಕ್ಕದಲ್ಲಿರಿ, ಊಟ ನಿದ್ದೆ ನೋಡ್ಕೊಳ್ಳಿ, ಅಷ್ಟು ಸಾಕು.

ಈಗ ಅಕ್ಕನ ವಿಷಯ. ಆರು ವರ್ಷದ ಹಿಂದೆ ಘಾಟಿ ರಸ್ತೆಯಲ್ಲಿ ಅವಳಿದ್ದ ಬಸ್ಸು ಮಗುಚಿತು. ಅವಳ ಭುಜದ ಮೂಳೆ ಮುರೀತು. ಪಕ್ಕದ ಸೀಟಿನ ಹೆಂಗಸು ಉಳಿಯಲಿಲ್ಲ. ಮೂಳೆ ಎರಡು ತಿಂಗಳಲ್ಲಿ ಕೂಡಿಕೊಳ್ತು. ಆದರೆ ಅವಳು ಆಮೇಲೆ ಘಾಟಿ ದಾಟಲೇ ಇಲ್ಲ. ಮಂಗಳೂರಿನಲ್ಲಿ ನಡೆದ ಮದುವೆಗೆ ಬರಲಿಲ್ಲ ಅಂತ ದೊಡ್ಡಮ್ಮನಿಗೆ ಇವತ್ತಿಗೂ ಮುನಿಸು. ಡೀಸೆಲ್ ವಾಸನೆ ಬಂದ್ರೆ ಬೆವರ್ತಾಳೆ. ಮಳೆ ಜೋರಾದ್ರೆ ರಾತ್ರಿಯೆಲ್ಲ ಎದ್ದೇ ಇರ್ತಾಳೆ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ಮರೆತುಬಿಡು."

ಮರೆಯೋಕೆ ಅವಳು ಮಾಡಿದ್ದೆಲ್ಲ ಒಂದೇ, ತಪ್ಪಿಸಿಕೊಳ್ಳೋದು. ತೊಂದರೆ ಇರೋದು ಅಲ್ಲೇ. ಬಸ್ಸು ಹತ್ತದೆ ಮನೆಗೆ ವಾಪಸ್ ಬಂದ ಕೂಡಲೇ ನೆಮ್ಮದಿ ಆಗುತ್ತೆ. ಮೆದುಳು ಆ ನೆಮ್ಮದಿಯನ್ನೇ ಸಾಕ್ಷಿ ಅಂದುಕೊಳ್ಳುತ್ತೆ: "ನೋಡು, ಹತ್ತಲಿಲ್ಲ, ಅದಕ್ಕೇ ಬದುಕಿದೆ." ಮುಂದಿನ ಸಲ ಭಯ ಇನ್ನೊಂದು ಮೆಟ್ಟಿಲು ಮೇಲೆ. ಬಸ್ಸು ಹತ್ತಿ, ಇಳಿದು, ಏನೂ ಆಗಲಿಲ್ಲ ಅಂತ ಕಲಿಯೋ ಅವಕಾಶವೇ ಅದಕ್ಕೆ ಸಿಗಲ್ಲ.

ಈ ಗಂಟನ್ನ ಬಿಚ್ಚೋ ಒಂದು ಚಿಕಿತ್ಸೆಗೆ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಅಂತ ಹೆಸರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ್ದು. ಸಾಮಾನ್ಯವಾಗಿ ವಾರಕ್ಕೊಮ್ಮೆ, 8ರಿಂದ 15 ಸೆಷನ್, ಒಂದೊಂದೂ ಸುಮಾರು ಒಂದೂವರೆ ಗಂಟೆ. ಅಕ್ಕ ಹೋಗಿದ್ದು ಇದಕ್ಕೇ.

ಮೊದಲು ಒಂದು ಪಟ್ಟಿ. ನಿಜಕ್ಕೂ ಅಪಾಯ ಇಲ್ಲದಿದ್ರೂ ತಪ್ಪಿಸಿಕೊಳ್ತಿರೋ ಜಾಗಗಳು, ಕೆಲಸಗಳು. ಒಂದೊಂದಕ್ಕೂ ಸೊನ್ನೆಯಿಂದ 100ರವರೆಗೆ ಭಯದ ಅಂಕ. ಬಸ್ ಸ್ಟ್ಯಾಂಡಲ್ಲಿ ಹತ್ತು ನಿಮಿಷ ಕೂರೋದಕ್ಕೆ ಅಕ್ಕ 35 ಕೊಟ್ಟಿದ್ಲು, ಸಿಟಿ ಬಸ್ಸಲ್ಲಿ ಎರಡು ಸ್ಟಾಪ್ ಹೋಗೋದಕ್ಕೆ 55, ಹಗಲಲ್ಲಿ ಘಾಟಿ ಇಳಿಯೋದಕ್ಕೆ 100. ಕೆಳಗಿಂದ ಶುರು. ಭಯ ತಾನಾಗೇ ಇಳಿಯೋವರೆಗೂ ಆ ಜಾಗ ಬಿಟ್ಟು ಓಡಬಾರದು, ಅದೇ ನಿಯಮ.

ಎರಡನೇದು ಇನ್ನೂ ಕಷ್ಟ. ಕಣ್ಣು ಮುಚ್ಚಿ ಆ ದಿನವನ್ನ ಈಗ ನಡೀತಿದೆ ಅನ್ನೋ ಹಾಗೆ ಹೇಳಬೇಕು. "ಬಸ್ಸು ತಿರುವಿಗೆ ಬರ್ತಾ ಇದೆ, ನಾನು ಕಿಟಕಿ ಪಕ್ಕ ಇದೀನಿ..." ಮುಗಿದ ಮೇಲೆ ಮತ್ತೆ ಮೊದಲಿಂದ. ಒಂದೇ ಸೆಷನ್‌ನಲ್ಲಿ ಹಲವು ಸಲ. ಅದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಅಕ್ಕ ನಗ್ತಾ ಹೇಳಿದ್ಲು, "ಲೋ, ನಿನ್ನ ಪಾಡ್‌ಕಾಸ್ಟ್ ಒಂದೂ ಪೂರ್ತಿ ಕೇಳಿಲ್ಲ ಕಣೋ, ನಂದು ಮಾತ್ರ ದಿನಾ ಕೇಳ್ತಾ ಇದೀನಿ."

ಮೊದಮೊದಲು ಇದು ಹಿಂಸೆ. ಮೊದಲ ಎರಡು ವಾರ ಅವಳ ನಿದ್ದೆ ಇನ್ನೂ ಕೆಟ್ಟಿತ್ತು. ಕೆಲವರು ಅಲ್ಲೇ ಬಿಟ್ಟುಬಿಡ್ತಾರೆ. ಬಿಟ್ಟವರನ್ನ ದೂರೋಕೆ ನನಗೆ ಮನಸ್ಸಿಲ್ಲ. ಅದಕ್ಕೇ ಇದನ್ನ ಯೂಟ್ಯೂಬ್ ನೋಡಿ ಒಬ್ಬರೇ ಮಾಡೋಕೆ ಹೋಗಬೇಡಿ. ಆರನೇ ಸೆಷನ್ ಹೊತ್ತಿಗೆ ಅವಳು ಒಂದು ವಿಷಯ ಗಮನಿಸಿದ್ಲು. ಅದೇ ಕಥೆ, ಅದೇ ಧ್ವನಿ, ಆದರೆ ಕೇಳ್ತಾ ಕೇಳ್ತಾ ಸೊಪ್ಪು ಬಿಡಿಸ್ತಾ ಇದಾಳೆ. ನೆನಪು ಅಳಿಸಿಲ್ಲ. ಅದು ಹಿಂದೆ ನಡೆದದ್ದಾಗಿ ಕೂತಿದೆ, ಈಗ ನಡೀತಿರೋದಾಗಿ ಅಲ್ಲ.

ಬೇರೆ ದಾರಿಗಳೂ ಇವೆ. ಪೆಟ್ರೀಷಿಯಾ ರೆಸಿಕ್ ರೂಪಿಸಿದ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಸಾಮಾನ್ಯವಾಗಿ 12 ಸೆಷನ್. ಘಟನೆಯ ವಿವರಕ್ಕಿಂತ, ಅದರಿಂದ ತಲೆಯಲ್ಲಿ ಗಟ್ಟಿಯಾಗಿ ಕೂತ ತೀರ್ಮಾನಗಳನ್ನ ಬರೆದು, ಪ್ರಶ್ನೆ ಮಾಡೋದು. "ತಪ್ಪು ನಂದೇ", "ಯಾರನ್ನೂ ನಂಬಬಾರದು", ಈ ಥರದವು. ದೌರ್ಜನ್ಯ ಅನುಭವಿಸಿದವರಲ್ಲಿ ಇಂಥ ತೀರ್ಮಾನ ಎಷ್ಟು ಆಳಕ್ಕೆ ಇಳಿದಿರುತ್ತೆ ಅಂತ ನಿಮ್ಮಲ್ಲಿ ಕೆಲವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಇಎಂಡಿಆರ್, ರೀಲ್ಸ್‌ನಲ್ಲಿ ನೋಡಿರ್ತೀರಿ. ಕಹಿ ನೆನಪನ್ನ ಮನಸ್ಸಿನಲ್ಲಿಟ್ಟುಕೊಂಡು ಥೆರಪಿಸ್ಟ್‌ರ ಬೆರಳಿನ ಜೊತೆ ಕಣ್ಣು ಅತ್ತಿತ್ತ ಓಡಿಸೋದು. ಫ್ರಾನ್ಸಿನ್ ಶಪಿರೊಗೆ ಇದು ಹೊಳೆದಿದ್ದು 1987ರಲ್ಲಿ, ಪಾರ್ಕಲ್ಲಿ ನಡೀತಿದ್ದಾಗ. ಮಂತ್ರ ಹಾಕಿದಂಗೆ ಕಾಣುತ್ತೆ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಇದನ್ನೂ ಶಿಫಾರಸು ಮಾಡಿದೆ. ಕಣ್ಣಿನ ಓಡಾಟ ನಿಜಕ್ಕೂ ಬೇಕಾ, ನೆನಪನ್ನ ಎದುರಿಸಿದ್ದಕ್ಕೇ ಗುಣ ಆಗುತ್ತಾ ಅನ್ನೋ ಜಗಳ ಸಂಶೋಧಕರಲ್ಲಿ ಇನ್ನೂ ಇದೆ.

ಚಿಕ್ಕಂದಿನಿಂದ ವರ್ಷಗಟ್ಟಲೆ ಹಿಂಸೆ ಅನುಭವಿಸಿದವರ ಸ್ಥಿತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿಯಲ್ಲಿ 'ಕಾಂಪ್ಲೆಕ್ಸ್ ಪಿಟಿಎಸ್‌ಡಿ' ಅನ್ನೋ ಬೇರೆ ಹೆಸರಿದೆ. ಅಲ್ಲಿ ಚಿಕಿತ್ಸೆ ಇನ್ನೂ ಹೆಚ್ಚು ಕಾಲ ಹಿಡಿಯಬಹುದು.

ಇನ್ನು ದುಡ್ಡು. ಖಾಸಗಿಯಲ್ಲಿ ಹತ್ತು ಹದಿನೈದು ಸೆಷನ್ ಅಂದ್ರೆ ಕೈ ಕಚ್ಚುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡೋ ಥರವೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಬಹಳ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೊಡೋದು. ಥೆರಪಿ ನಡೆಯೋದು ಹೊರರೋಗಿಯಾಗಿ. ನಿಮ್ಮ ಪಾಲಿಸಿಯಲ್ಲಿ ಓಪಿಡಿ ಕವರ್ ಇದೆಯಾ ಅಂತ ಇವತ್ತೇ ನೋಡಿ. ಬೆಂಗಳೂರಿನ ನಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ, ಅಲ್ಲೇ ಮೊದಲು ವಿಚಾರಿಸಬಹುದು.

ಕ್ಲಿನಿಕಲ್ ಸೈಕಾಲಜಿಸ್ಟ್ ಆದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ. ಟ್ರಾಮಾಗೆ ಯಾವ ವಿಧಾನದಲ್ಲಿ ತರಬೇತಿ ಆಗಿದೆ, ಎಷ್ಟು ಸೆಷನ್ ಬೇಕಾಗಬಹುದು ಅಂತಲೂ ಕೇಳಿ. ಸಂಕೋಚ ಬೇಡ, ಮೊಬೈಲ್ ತಗೊಳ್ಳೋವಾಗ ಇದರ ಹತ್ತರಷ್ಟು ಕೇಳ್ತೀವಿ. ವೈದ್ಯರು ಮಾತ್ರೆ ಬರೆದುಕೊಟ್ಟಿದ್ರೆ ಥೆರಪಿ ಶುರುವಾಯ್ತು ಅಂತ ನೀವಾಗಿ ನಿಲ್ಲಿಸಬೇಡಿ.

ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ರೆ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪೂರ್ತಿ ಕಥೆ ಹೇಳಬೇಕಾಗಿಲ್ಲ. "ಹಳೇದೊಂದು ಘಟನೆ ಇದೆ, ಅದರಿಂದ ನಿದ್ದೆ ಬರ್ತಿಲ್ಲ" ಅಂದ್ರೂ ಸಾಕು, ಮುಂದಿನ ಪ್ರಶ್ನೆ ಅವರೇ ಕೇಳ್ತಾರೆ.

ಓಪಿಡಿ ಕವರ್ ಅಂದೆನಲ್ಲ, ಮುಂದಿನ ಸಂಚಿಕೆ ಅದರ ಬಗ್ಗೇನೇ. ನಿಮ್ಮ ಪಾಲಿಸಿ ಕಾಗದ ಹುಡುಕಿ ಇಟ್ಕೊಂಡಿರಿ. ಸಿಗೋಣ.